ಕಾರವಾರದ ಮೆಣಸು, ಮುಂಬಯಿಯ ದ್ವೀಪ: ಆಂಗ್ಲರ ಆಗಮನದ ಮೊದಲ ಅಧ್ಯಾಯ

ದಹಿಸರ್ ಚೆಕ್ ನಾಕಾ ಎಂದರೆ ಮುಂಬಯಿ ಮಹಾನಗರದ ಉತ್ತರದ ಹೊಸ್ತಿಲು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬರುವವರೆಗೆ ನಗರವನ್ನು ಪ್ರವೇಶಿಸುವ ಸರಕಿಗೆ ಇಲ್ಲಿ ಜಕಾತಿ ಕಟ್ಟಬೇಕಾಗಿತ್ತು. ಲಾರಿಗಳ ಉದ್ದನೆಯ ಸಾಲನ್ನು ಕಂಡು ಬೆಳೆದ ನಮ್ಮಲ್ಲಿ ಅನೇಕರಿಗೆ ಈ ಗಡಿ ಎಷ್ಟು ಹಳೆಯದು ಎಂಬ ಪ್ರಶ್ನೆ ಎಂದೂ ಮೂಡಿರಲಾರದು. ಆದರೆ ಇತಿಹಾಸದ ಪುಟಗಳನ್ನು ತಿರುವಿದಾಗ ಒಂದು ಕುತೂಹಲದ ಸಂಗತಿ ಗೋಚರಿಸುತ್ತದೆ. ಆಂಗ್ಲರು ಮುಂಬಯಿ ದ್ವೀಪವನ್ನು ಪಡೆದದ್ದು 1665ರಲ್ಲಿ. ದಹಿಸರ್ ಅವರ ಕೈಸೇರಿದ್ದು 1774ರ ಕೊನೆಯಲ್ಲಿ. ನಡುವೆ ನೂರಾ ಒಂಬತ್ತು ವರ್ಷಗಳ ಅಂತರ. ಇನ್ನೂ ಕುತೂಹಲದ ಸಂಗತಿಯೆಂದರೆ, ಮುಂಬಯಿಯಲ್ಲಿ ಕಾಲೂರುವುದಕ್ಕೆ ಇಪ್ಪತ್ತೇಳು ವರ್ಷ ಮೊದಲೇ ಅವರು ನಮ್ಮ ಕಾರವಾರದಲ್ಲಿ ವಖಾರಿ ತೆರೆದಿದ್ದರು.

ಮುಂಬಯಿಯ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಸೂರತ್ತಿನಿಂದ ಆರಂಭಿಸುತ್ತಾರೆ. ಕನ್ನಡ ಕರಾವಳಿಯ ಪಾತ್ರ ಅಡಿಟಿಪ್ಪಣಿಗಳಲ್ಲಿ ಉಳಿದುಬಿಡುತ್ತದೆ. ಈ ನಗರದಲ್ಲಿ ಕನ್ನಡಿಗರು ನಿನ್ನೆ ಮೊನ್ನೆ ಬಂದವರು ಎಂಬ ಮಾತನ್ನು ಆಗಾಗ ಕೇಳುವ ನಮಗೆ, ಕನ್ನಡ ನಾಡಿನ ಮೆಣಸು, ಅಕ್ಕಿ ಮತ್ತು ಬಟ್ಟೆಯ ಕಥೆ ಈ ನಗರದ ಹುಟ್ಟಿನ ಕಥೆಯೊಡನೆ ಹೇಗೆ ಹೆಣೆದುಕೊಂಡಿದೆ ಎಂಬುದನ್ನು ಅರಿಯುವುದು ಅಗತ್ಯವೆನಿಸುತ್ತದೆ. ಆ ಉದ್ದೇಶದಿಂದ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಹಡಗುಗಳು ಹೊರಟ ಕಾರಣ

ಹದಿನಾರನೆಯ ಶತಮಾನದ ಇಂಗ್ಲೆಂಡ್ ಯುರೋಪಿನ ದೊಡ್ಡ ಶಕ್ತಿಯಾಗಿರಲಿಲ್ಲ. ಉಣ್ಣೆಯ ಬಟ್ಟೆಯೇ ಅದರ ಮುಖ್ಯ ಸರಕು. ಪೂರ್ವದ ಸಾಂಬಾರ ಪದಾರ್ಥಗಳು ಅಲ್ಲಿಗೆ ಪೋರ್ಚುಗೀಸರ ಅಥವಾ ಲೆವಾಂಟಿನ ವ್ಯಾಪಾರಿಗಳ ಮೂಲಕ ಹಲವು ಕೈ ದಾಟಿ, ಹಲವು ಪಟ್ಟು ಬೆಲೆಯಲ್ಲಿ ತಲಪುತ್ತಿದ್ದವು. 1498ರಲ್ಲಿ ವಾಸ್ಕೊ ಡ ಗಾಮ ಕಲ್ಲಿಕೋಟೆಗೆ ಬಂದ ಮೇಲೆ ಒಂದು ಶತಮಾನದ ಕಾಲ ಕೇಪ್ ಮಾರ್ಗದ ಮೇಲೆ ಪೋರ್ಚುಗೀಸರದೇ ಅಧಿಕಾರ. ಫ್ರಾನ್ಸಿಸ್ ಡ್ರೇಕ್ 1577ರಿಂದ 1580ರವರೆಗೆ ಭೂಪ್ರದಕ್ಷಿಣೆ ಮುಗಿಸಿ ಬಂದದ್ದು, 1592ರಲ್ಲಿ ಆಂಗ್ಲರು 'ಮಾದ್ರೆ ದ ದೇವುಸ್' ಎಂಬ ಪೋರ್ಚುಗೀಸ್ ಹಡಗನ್ನು ಸೆರೆಹಿಡಿದು ಅದರೊಳಗಿನ ಮೆಣಸು, ಲವಂಗ, ರತ್ನ, ರೇಷ್ಮೆಗಳನ್ನು ಕಣ್ಣಾರೆ ಕಂಡದ್ದು, ಇವೆರಡೂ ಲಂಡನ್ನಿನ ವರ್ತಕರ ಆಸೆಯನ್ನು ಕೆರಳಿಸಿದವು.

1600ರ ಡಿಸೆಂಬರ್ 31ರಂದು ರಾಣಿ ಒಂದನೆಯ ಎಲಿಜಬೆತ್ ಲಂಡನ್ನಿನ ವರ್ತಕರ ಕೂಟವೊಂದಕ್ಕೆ ಪೂರ್ವ ದೇಶಗಳ ವ್ಯಾಪಾರದ ಏಕಸ್ವಾಮ್ಯವನ್ನು ಹದಿನೈದು ವರ್ಷಗಳ ಅವಧಿಗೆ ನೀಡಿದಳು. ಇದೇ ಈಸ್ಟ್ ಇಂಡಿಯಾ ಕಂಪೆನಿ. 1601ರಲ್ಲಿ ಜೇಮ್ಸ್ ಲ್ಯಾಂಕಾಸ್ಟರನ ನಾಯಕತ್ವದಲ್ಲಿ ಹೊರಟ ಅದರ ಮೊದಲ ನಾಲ್ಕು ಹಡಗುಗಳು ಭಾರತಕ್ಕೆ ಬರಲಿಲ್ಲ. ಅವು ಸುಮಾತ್ರದ ಅಚೆ ಮತ್ತು ಜಾವಾದ ಬಾಂತಂ ಬಂದರುಗಳಿಗೆ ಹೋದವು. ಮೆಣಸೇ ಅವರ ಗುರಿಯಾಗಿತ್ತು. ರಾಜ್ಯ ಕಟ್ಟುವ ಯೋಚನೆ ಆಗ ಯಾರ ತಲೆಯಲ್ಲಿಯೂ ಇರಲಿಲ್ಲ ಎಂಬುದು ಇಲ್ಲಿ ಗಮನಾರ್ಹ.

ಬೆಳಗಾವಿಯ ಪೇಟೆಯನ್ನು ಕಂಡ ಆಂಗ್ಲ

ಕಂಪೆನಿ ಹುಟ್ಟುವುದಕ್ಕೆ ಮೊದಲೇ ಕೆಲವು ಆಂಗ್ಲರು ನಮ್ಮ ನಾಡನ್ನು ಕಂಡಿದ್ದರು. ಇವರಲ್ಲಿ ಮೊದಲಿಗನಾಗಿ ಸ್ಮರಿಸಬೇಕಾದವನು ಥಾಮಸ್ ಸ್ಟೀಫನ್ಸ್. ಈ ಜೆಸುಯಿಟ್ ಪಾದ್ರಿ 1579ರಲ್ಲಿ ಗೋವೆಗೆ ಬಂದ. ಅಲ್ಲಿಯ ಸಾಷ್ಟಿ ಪ್ರದೇಶದಲ್ಲಿ ನೆಲೆಸಿ ಜನರ ಭಾಷೆಯನ್ನು ಕಲಿತ. ಮರಾಠಿಯಲ್ಲಿ ಅವನು ರಚಿಸಿದ 'ಕ್ರಿಸ್ತಪುರಾಣ' 1616ರಲ್ಲಿ ಅಚ್ಚಾಯಿತು. ಅವನು ಬರೆದ ಕೊಂಕಣಿ ವ್ಯಾಕರಣ ಅವನ ಮರಣಾನಂತರ 1640ರಲ್ಲಿ ಪ್ರಕಟವಾಯಿತು. ಆ ವ್ಯಾಕರಣದ ಶೀರ್ಷಿಕೆಯಲ್ಲಿ ಕೊಂಕಣಿಯನ್ನು 'ಕಾನಾರಿಂ' ಭಾಷೆ ಎಂದು ಕರೆಯಲಾಗಿದೆ. ಪೋರ್ಚುಗೀಸರ ಬಾಯಲ್ಲಿ ಕನ್ನಡ ಕರಾವಳಿಯ ಹೆಸರು ಎಷ್ಟು ವಿಶಾಲವಾಗಿ ಹರಡಿತ್ತು ಎಂಬುದಕ್ಕೆ ಇದೊಂದು ನಿದರ್ಶನ.

ಎರಡನೆಯವನು ರಾಲ್ಫ್ ಫಿಚ್ ಎಂಬ ಲಂಡನ್ನಿನ ವರ್ತಕ. 1583ರಲ್ಲಿ ಸಂಗಡಿಗರೊಂದಿಗೆ 'ಟೈಗರ್' ಎಂಬ ಹಡಗನ್ನೇರಿ ಸಿರಿಯಾ ತಲಪಿ, ಅಲ್ಲಿಂದ ಹೊರ್ಮುಜಿಗೆ ಬಂದಾಗ ಪೋರ್ಚುಗೀಸರು ಅವರನ್ನು ಬಂಧಿಸಿ ಗೋವೆಗೆ ಕಳುಹಿಸಿದರು. ಅಲ್ಲಿ ಅವರ ಬಿಡುಗಡೆಗೆ ನೆರವಾದವನು ಇದೇ ಸ್ಟೀಫನ್ಸ್. 1584ರ ಏಪ್ರಿಲಿನಲ್ಲಿ ಫಿಚ್ ಮತ್ತು ಇಬ್ಬರು ಗೆಳೆಯರು ಗೋವೆಯಿಂದ ತಪ್ಪಿಸಿಕೊಂಡು ಘಟ್ಟ ಹತ್ತಿದರು. ಅವರು ಮೊದಲು ತಲಪಿದ ದೊಡ್ಡ ಊರು ಬೆಳಗಾವಿ. ಅಲ್ಲಿಯ ಪೇಟೆಯಲ್ಲಿ ವಜ್ರ, ಮಾಣಿಕ್ಯ, ನೀಲಮಣಿಗಳ ವ್ಯಾಪಾರ ನಡೆಯುತ್ತಿದ್ದುದನ್ನು ಫಿಚ್ ಬರೆದಿಟ್ಟಿದ್ದಾನೆ. ಅಲ್ಲಿಂದ ಆದಿಲಶಾಹಿಗಳ ರಾಜಧಾನಿ ವಿಜಾಪುರ, ಅನಂತರ ಗೋಲ್ಕೊಂಡ, ಮುಂದೆ ಅಕ್ಬರನ ಫತೇಪುರ ಸಿಕ್ರಿ. 1591ರಲ್ಲಿ ಅವನು ಲಂಡನ್ನಿಗೆ ಮರಳಿದಾಗ ಅವನ ಅನುಭವವೇ ಹೊಸ ಕಂಪೆನಿಯ ವರ್ತಕರಿಗೆ ಮಾರ್ಗದರ್ಶನವಾಯಿತು. ಹೀಗೆ ಲಂಡನ್ನಿನ ವರ್ತಕರು ಭಾರತದ ಒಳನಾಡಿನ ಬಗ್ಗೆ ತಮ್ಮವನೊಬ್ಬನಿಂದಲೇ ಕೇಳಿದ ಮೊದಲ ವಿವರಗಳಲ್ಲಿ ಬೆಳಗಾವಿ ಮತ್ತು ವಿಜಾಪುರ ಸೇರಿದ್ದವು.

ಸೂರತ್ತಿನಿಂದ ದಕ್ಷಿಣಕ್ಕೆ

1608ರಲ್ಲಿ ವಿಲಿಯಂ ಹಾಕಿನ್ಸ್ 'ಹೆಕ್ಟರ್' ಹಡಗಿನಲ್ಲಿ ಸೂರತ್ತಿಗೆ ಬಂದು ಜಹಾಂಗೀರನ ಆಸ್ಥಾನದಲ್ಲಿ ಕೆಲಕಾಲ ಇದ್ದರೂ ಶಾಶ್ವತ ಅನುಮತಿ ಪಡೆಯಲಾಗಲಿಲ್ಲ. 1612ರಲ್ಲಿ ಸ್ವಾಲಿ ಎಂಬಲ್ಲಿ ಥಾಮಸ್ ಬೆಸ್ಟ್ ಪೋರ್ಚುಗೀಸ್ ಹಡಗುಗಳನ್ನು ಹಿಮ್ಮೆಟ್ಟಿಸಿದ ಮೇಲೆ ಮೊಗಲ್ ಅಧಿಕಾರಿಗಳು ಆಂಗ್ಲರನ್ನು ಲಕ್ಷ್ಯಕ್ಕೆ ತೆಗೆದುಕೊಂಡರು. ಸೂರತ್ತಿನಲ್ಲಿ ವಖಾರಿ ಸ್ಥಾಪನೆಯಾಯಿತು. 1615ರಿಂದ 1619ರವರೆಗೆ ಸರ್ ಥಾಮಸ್ ರೋ ರಾಯಭಾರಿಯಾಗಿ ಬಂದು ಹೋದ.

ಸೂರತ್ತಿನಲ್ಲಿ ನೀಲಿ ಮತ್ತು ಹತ್ತಿ ಬಟ್ಟೆ ದೊರೆಯುತ್ತಿತ್ತು, ಮೆಣಸು ಬೆಳೆಯುತ್ತಿರಲಿಲ್ಲ. ಮೆಣಸಿನ ನಾಡು ದಕ್ಷಿಣದಲ್ಲಿ, ಪೋರ್ಚುಗೀಸರ ಕಣ್ಗಾವಲಿನಲ್ಲಿ ಇತ್ತು. 1626ರಲ್ಲಿ ಆಂಗ್ಲ ಮತ್ತು ಡಚ್ಚರ ಹಡಗುಗಳು ಒಟ್ಟಾಗಿ ಮುಂಬಯಿಯ ಮೇಲೆ ಬಿದ್ದು ಅಲ್ಲಿದ್ದ ದೊಡ್ಡ ಮನೆಯನ್ನು ಸುಟ್ಟು ಹಿಂದಿರುಗಿದವು. ಆದರೆ ಸಂಧಿಯಿಂದ ದೊರೆತದ್ದು ಸಮರದಿಂದ ದೊರೆಯಲಿಲ್ಲ. 1635ರ ಜನವರಿಯಲ್ಲಿ ಸೂರತ್ತಿನ ಆಂಗ್ಲ ಅಧ್ಯಕ್ಷ ವಿಲಿಯಂ ಮೆಥ್ವೋಲ್ಡ್ ಗೋವೆಗೆ ಹೋಗಿ ಪೋರ್ಚುಗೀಸ್ ವೈಸರಾಯ್ ಲಿನ್ಯಾರೆಸ್ ಪ್ರಭುವಿನೊಡನೆ ಕದನವಿರಾಮದ ಒಪ್ಪಂದ ಮಾಡಿಕೊಂಡ. ಪಶ್ಚಿಮ ಕರಾವಳಿಯ ಬಾಗಿಲು ಆಂಗ್ಲರಿಗೆ ತೆರೆದದ್ದು ಆಗ.

ಭಟ್ಕಳ, ಇಕ್ಕೇರಿ, ಕಾರವಾರ

ಆ ಬಾಗಿಲಿನಿಂದ ಒಳಬಂದದ್ದು ಕಂಪೆನಿಯಲ್ಲ, ಅದರ ಪ್ರತಿಸ್ಪರ್ಧಿ. ದೊರೆ ಒಂದನೆಯ ಚಾರ್ಲ್ಸ್ ಕಂಪೆನಿಯ ಏಕಸ್ವಾಮ್ಯವನ್ನು ಬದಿಗೊತ್ತಿ ಸರ್ ವಿಲಿಯಂ ಕೋರ್ಟೀನ್ ಎಂಬ ಶ್ರೀಮಂತ ವರ್ತಕನ ಕೂಟಕ್ಕೆ ಪರವಾನಿಗೆ ಕೊಟ್ಟಿದ್ದ. ಈ ಕೂಟದ ಹಡಗುಗಳು 1636ರಲ್ಲಿ ಕ್ಯಾಪ್ಟನ್ ಜಾನ್ ವೆಡೆಲನ ನೇತೃತ್ವದಲ್ಲಿ ಹೊರಟು, ಗೋವೆಯನ್ನು ಮುಟ್ಟಿ, 1637ರಲ್ಲಿ ಭಟ್ಕಳಕ್ಕೆ ಬಂದವು.

ಭಟ್ಕಳ ಆಗ ಕೆಳದಿಯ ಅರಸು ವೀರಭದ್ರ ನಾಯಕನ ಆಳ್ವಿಕೆಯಲ್ಲಿತ್ತು. ವ್ಯಾಪಾರದ ಅನುಮತಿ ಕೋರಿ ಆಂಗ್ಲರ ನಿಯೋಗವೊಂದು ಘಟ್ಟ ಹತ್ತಿ ಇಕ್ಕೇರಿಗೆ ಹೋಯಿತು. ಅದರಲ್ಲಿದ್ದ ಪೀಟರ್ ಮಂಡಿ ಎಂಬಾತ ತಾನು ಕಂಡದ್ದನ್ನು ದಿನಚರಿಯಲ್ಲಿ ಬರೆದಿಟ್ಟ. ಅದು ಕೆಳದಿ ಅರಸರ ಕಾಲದ ಜೀವನಕ್ಕೆ ಒಂದು ಪ್ರತ್ಯಕ್ಷ ಸಾಕ್ಷ್ಯವಾಗಿ ಉಳಿದಿದೆ. ಇಲ್ಲಿ ಬೇಡುವವರು ಯಾರು, ಕೊಡುವವರು ಯಾರು ಎಂಬುದನ್ನು ಮರೆಯಬಾರದು. ಕಾಣಿಕೆ ಹಿಡಿದು ಅರಮನೆಯ ಬಾಗಿಲಲ್ಲಿ ಕಾದವರು ಆಂಗ್ಲರು. ವೆಡೆಲ್ ಭಟ್ಕಳದಲ್ಲಿ ಕೆಲವು ಜನರನ್ನು ಬಿಟ್ಟು ಚೀನಾದತ್ತ ಹೊರಟುಹೋದ.

ಮರುವರ್ಷ, ಎಂದರೆ 1638ರಲ್ಲಿ, ಕೋರ್ಟೀನ್ ಕೂಟ ಕಾರವಾರದಲ್ಲಿ ವಖಾರಿಯನ್ನು ತೆರೆಯಿತು. ಸೋದೆ ಸೀಮೆಯ ಮೆಣಸಿನ ಖ್ಯಾತಿಯೇ ಅವರನ್ನು ಅಲ್ಲಿಗೆ ಎಳೆದು ತಂದಿತು. ಕಾರವಾರ ಆಗ ವಿಜಾಪುರದ ಆದಿಲಶಾಹಿಗೆ ಸೇರಿತ್ತು. ಕೋರ್ಟೀನ್ ಕೂಟ ಹೆಚ್ಚು ಕಾಲ ಬಾಳಲಿಲ್ಲ. ಸಾಲದಲ್ಲಿ ಮುಳುಗಿ ಅದು ಕುಸಿದ ಮೇಲೆ ಕಾರವಾರದ ವ್ಯಾಪಾರ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾಯಿತು. ಇದೇ ಅವಧಿಯಲ್ಲಿ, 1639ರಲ್ಲಿ, ಪೂರ್ವ ಕರಾವಳಿಯಲ್ಲಿ ವಿಜಯನಗರದ ಕೊನೆಯ ಅರಸರ ಅಧೀನದ ನಾಯಕನೊಬ್ಬನಿಂದ ಕಂಪೆನಿ ಮದರಾಸಿನ ನೆಲವನ್ನು ಪಡೆಯಿತೆಂಬುದನ್ನೂ ಜೊತೆಗಿಟ್ಟು ನೋಡಬೇಕು.

ವಖಾರಿಯ ವ್ಯವಹಾರ ಹೇಗಿತ್ತು?

ಆಂಗ್ಲರು 'ಫ್ಯಾಕ್ಟರಿ' ಎಂದು ಕರೆದದ್ದು ಯಂತ್ರಗಳ ಕಾರ್ಖಾನೆಯನ್ನಲ್ಲ. ಅದು ಕಂಪೆನಿಯ ಗುಮಾಸ್ತರು ವಾಸಿಸುವ, ಸರಕನ್ನು ಕೂಡಿಡುವ ಮನೆ. ನಮ್ಮ ಮಾತಿನಲ್ಲಿ ವಖಾರಿ ಅಥವಾ ಕೋಠಿ. ಹಡಗುಗಳು ಮಳೆಗಾಲ ಮುಗಿದ ಮೇಲೆ ಬಂದು ಮುಂದಿನ ಮಳೆಗಾಲಕ್ಕೆ ಮುಂಚೆ ಹೊರಡಬೇಕು. ಹಡಗು ಬಂದ ಮೇಲೆ ಸರಕು ಹುಡುಕಲು ಹೊರಟರೆ ಬೆಲೆ ಏರುತ್ತದೆ, ಗಾಳಿ ತಪ್ಪುತ್ತದೆ. ಆದುದರಿಂದ ವರ್ಷವಿಡೀ ಊರಿನಲ್ಲಿದ್ದು, ಬೆಲೆ ಇಳಿದಾಗ ಕೊಂಡು, ತೂಗಿ, ಒಣಗಿಸಿ, ಚೀಲ ತುಂಬಿ ಸಿದ್ಧವಾಗಿಡಲು ಜನ ಬೇಕು. ವಖಾರಿಯ ಮರ್ಮ ಇದಿಷ್ಟೇ.

ಸೋದೆ, ಶಿರಸಿ ಭಾಗದ ಅಡಿಕೆ ತೋಟಗಳಲ್ಲಿ ಮೆಣಸಿನ ಬಳ್ಳಿ ಮರಕ್ಕೆ ಹಬ್ಬಿ ಬೆಳೆಯುತ್ತಿತ್ತು, ಇಂದಿಗೂ ಬೆಳೆಯುತ್ತಿದೆ. ಅದು ಎತ್ತುಗಳ ಮೇಲೆ ಘಟ್ಟ ಇಳಿದು ಬಂದರಿಗೆ ಬರುತ್ತಿತ್ತು. ದಾರಿಯ ಸುಂಕ, ದೇಸಾಯಿಗಳ ಪಾಲು, ಊರ ವರ್ತಕರ ಲಾಭ, ದಲ್ಲಾಳಿಯ ಕೂಲಿ ಎಲ್ಲವೂ ಅದರ ಬೆಲೆಯಲ್ಲಿ ಸೇರಿರುತ್ತಿತ್ತು. ಸ್ಥಳೀಯ ವರ್ತಕರ ಮತ್ತು ದುಭಾಷಿಗಳ ನೆರವಿಲ್ಲದೆ ಆಂಗ್ಲರು ಒಂದು ಚೀಲ ಮೆಣಸನ್ನೂ ಕೊಳ್ಳಲಾರದ ಸ್ಥಿತಿ ಇತ್ತು. ಅವರ ಉಣ್ಣೆಯ ಬಟ್ಟೆಗೆ ನಮ್ಮ ಸೆಕೆಯ ನಾಡಿನಲ್ಲಿ ಗಿರಾಕಿಗಳಿರಲಿಲ್ಲ. ಆದ್ದರಿಂದ ಬೆಳ್ಳಿ, ಬಂಗಾರವನ್ನೇ ತರಬೇಕಾಗುತ್ತಿತ್ತು.

ಮೆಣಸಿನ ಜೊತೆಗೆ ಕಾರವಾರದ ಇನ್ನೊಂದು ದೊಡ್ಡ ಸರಕು ಬಟ್ಟೆ. 1660ರ ಸುಮಾರಿಗೆ ಈ ವಖಾರಿ ಏಳಿಗೆಯಲ್ಲಿತ್ತು. ಪಶ್ಚಿಮ ಭಾರತದ ಅತ್ಯುತ್ತಮ ಮಸ್ಲಿನ್ ಬಟ್ಟೆ ಇಲ್ಲಿಂದ ಹೋಗುತ್ತಿತ್ತು. ನೇಯ್ಗೆಯ ಸೀಮೆ ಘಟ್ಟದ ಮೇಲೆ, ಹುಬ್ಬಳ್ಳಿ ಮತ್ತು ಸುತ್ತಲಿನ ಊರುಗಳಲ್ಲಿ ಇತ್ತು. ಅಲ್ಲಿ 50,000 ನೇಕಾರರು ಈ ವ್ಯಾಪಾರಕ್ಕಾಗಿ ದುಡಿಯುತ್ತಿದ್ದರೆಂದು ಉತ್ತರ ಕನ್ನಡದ ಹಳೆಯ ಗೆಜೆಟಿಯರ್ ಹೇಳುತ್ತದೆ. ಈ ಅಂಕಿ ಅಂದಾಜಿನದೇ ಆಗಿದ್ದರೂ ವ್ಯಾಪಾರದ ಗಾತ್ರವನ್ನು ಊಹಿಸಲು ಸಾಕು. ಏಲಕ್ಕಿ, ದಾಲ್ಚಿನ್ನಿಯ ಜಾತಿಯ ತೊಗಟೆ, ನೀಲಿ ಬಣ್ಣದ ದಪ್ಪ ಬಟ್ಟೆ ಇವೂ ಹಡಗು ಏರುತ್ತಿದ್ದವು.

ಅಂಜದೀವ್: ಮುಂಬಯಿಗೆ ಹೊರಟವರ ಸ್ಮಶಾನ

ಮುಂಬಯಿ ಆಂಗ್ಲರಿಗೆ ವರದಕ್ಷಿಣೆಯಾಗಿ ಬಂತೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಸಂಗತಿ. ಆದರೆ ಆ ವರದಕ್ಷಿಣೆ ಕೈಗೆ ಬರುವ ಮೊದಲು ಕಾರವಾರದ ಕಡಲಂಚಿನಲ್ಲಿ ನಡೆದ ದುರಂತ ಬಹಳ ಮಂದಿಗೆ ತಿಳಿದಿಲ್ಲ.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ ಶಾಹ ವಸಾಯಿ ಮತ್ತು ಅದರ ಅಧೀನದ ದ್ವೀಪಗಳನ್ನು ಪೋರ್ಚುಗೀಸರಿಗೆ ಒಪ್ಪಿಸಿದಂದಿನಿಂದ ಮುಂಬಯಿ ಅವರ ವಶದಲ್ಲಿತ್ತು. 1661ರ ಜೂನ್ 23ರಂದು ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸ್ ಮತ್ತು ಪೋರ್ಚುಗಲ್ಲಿನ ರಾಜಕುಮಾರಿ ಬ್ರಗಾಂಜಾ ವಂಶದ ಕ್ಯಾಥರೀನಳ ವಿವಾಹದ ಒಪ್ಪಂದವಾಯಿತು. ಆಫ್ರಿಕದ ಟ್ಯಾಂಜಿಯರ್ ಮತ್ತು ಭಾರತದ ಮುಂಬಯಿ 'ಬಂದರು ಮತ್ತು ದ್ವೀಪ' ಚಾರ್ಲ್ಸನಿಗೆ ಸಂದವು. ಅದಕ್ಕೆ ಪ್ರತಿಯಾಗಿ ಆಂಗ್ಲರು ಡಚ್ಚರ ವಿರುದ್ಧ ಪೋರ್ಚುಗೀಸರಿಗೆ ನೆರವಾಗಬೇಕಿತ್ತು. ಲಂಡನ್ನಿನ ಮಂತ್ರಿ ಕ್ಲಾರೆಂಡನ್ ಪ್ರಭುವು ಮುಂಬಯಿ ಬ್ರೆಜಿಲಿನ ಸಮೀಪದಲ್ಲಿದೆಯೆಂದು ಭಾವಿಸಿದ್ದನೆಂಬ ಮಾತು ಪ್ರಸಿದ್ಧವಾಗಿದೆ.

1662ರ ಸೆಪ್ಟೆಂಬರಿನಲ್ಲಿ ಮಾರ್ಲ್‌ಬರೋ ಪ್ರಭುವಿನ ಹಡಗುಗಳು ಮುಂಬಯಿ ಬಂದರಿಗೆ ಬಂದವು. ಸರ್ ಅಬ್ರಹಾಂ ಶಿಪ್‌ಮನ್ ಎಂಬಾತ ಗವರ್ನರನಾಗಿ ನಿಯುಕ್ತನಾಗಿದ್ದು ಸೈನಿಕರೊಡನೆ ಬಂದಿದ್ದ. ಆದರೆ ಪೋರ್ಚುಗೀಸ್ ವೈಸರಾಯ್ ಅಂತೋನಿಯೊ ದ ಮೆಲ್ಲೊ ಇ ಕಾಸ್ತ್ರೊ ಶಿಪ್‌ಮನ್ನನ ಅಧಿಕಾರಪತ್ರದಲ್ಲಿ ದೋಷ ಹುಡುಕಿ ದ್ವೀಪವನ್ನು ಬಿಟ್ಟುಕೊಡಲು ನಿರಾಕರಿಸಿದ. ಸಾಷ್ಟಿ, ಠಾಣೆಗಳೂ ಒಪ್ಪಂದದಲ್ಲಿ ಸೇರಿವೆಯೆಂದು ಆಂಗ್ಲರ ವಾದ. ಮುಂಬಯಿ ದ್ವೀಪ ಮಾತ್ರವೆಂದು ಪೋರ್ಚುಗೀಸರ ವಾದ. ಸೂರತ್ತಿನಲ್ಲಿ ಇಳಿಯೋಣವೆಂದರೆ ಮೊಗಲರು ಮುನಿದಾರೆಂಬ ಭಯದಿಂದ ಕಂಪೆನಿಯವರೇ ಒಪ್ಪಲಿಲ್ಲ. ನೆಲವಿಲ್ಲದ ಈ ಸೈನ್ಯ ಕೊನೆಗೆ ದಕ್ಷಿಣಕ್ಕೆ ಸಾಗಿ ಕಾರವಾರದ ಬಳಿಯ ಅಂಜದೀವ್ ಎಂಬ ನಿರ್ಜನ ದ್ವೀಪದಲ್ಲಿ ಇಳಿಯಿತು.

ಅಲ್ಲಿ ಅವರು ಎರಡು ಮಳೆಗಾಲಗಳನ್ನು ಕಳೆದರು. ಆಸರೆಯಿಲ್ಲದೆ, ತಕ್ಕ ಆಹಾರವಿಲ್ಲದೆ, ಜ್ವರ ಮತ್ತು ಆಮಶಂಕೆಯಿಂದ ಒಬ್ಬೊಬ್ಬರಾಗಿ ಸತ್ತರು. 1664ರ ಏಪ್ರಿಲಿನಲ್ಲಿ ಶಿಪ್‌ಮನ್ ಕೂಡ ಅಲ್ಲಿಯೇ ಕೊನೆಯುಸಿರೆಳೆದ. ಇಂಗ್ಲೆಂಡಿನಿಂದ ಹೊರಟಿದ್ದ ನಾಲ್ಕೈದು ನೂರು ಸೈನಿಕರಲ್ಲಿ ಮುಂಬಯಿಯ ನೆಲವನ್ನು ಮೆಟ್ಟಿದವರು ಹೆಚ್ಚುಕಡಿಮೆ ನೂರು ಮಂದಿ ಮಾತ್ರ. ಸತ್ತವರು ಸಾಮ್ರಾಜ್ಯದ ಕನಸು ಕಂಡವರಲ್ಲ, ಸಂಬಳಕ್ಕೆ ಬಂದ ಬಡ ಹುಡುಗರು. ಇಬ್ಬರು ದೊರೆಗಳ ಮದುವೆಯ ಒಪ್ಪಂದದಲ್ಲಿ ಎರಡು ಪದಗಳ ಅರ್ಥ ಸ್ಪಷ್ಟವಾಗಿಲ್ಲದಿದ್ದುದರ ಬೆಲೆಯನ್ನು ಅವರು ತೆತ್ತರು. ಇಂದು ಅಂಜದೀವ್ ಗೋವಾ ರಾಜ್ಯಕ್ಕೆ ಸೇರಿದೆ. 1961ರ ಡಿಸೆಂಬರಿನಲ್ಲಿ ಪೋರ್ಚುಗೀಸರಿಂದ ಈ ದ್ವೀಪವನ್ನು ಬಿಡಿಸುವಾಗ ಭಾರತೀಯ ನೌಕಾಪಡೆಯ ಏಳು ಮಂದಿ ಪ್ರಾಣಾರ್ಪಣೆ ಮಾಡಿದರೆಂಬುದೂ ಸ್ಮರಣೀಯ.

1665ರ ಫೆಬ್ರುವರಿ

ಶಿಪ್‌ಮನ್ನನ ಕಾರ್ಯದರ್ಶಿಯಾಗಿದ್ದ ಹಂಫ್ರಿ ಕುಕ್ ಪೋರ್ಚುಗೀಸರ ಕಠಿಣ ಷರತ್ತುಗಳಿಗೆ ಒಪ್ಪಿ 1665ರ ಫೆಬ್ರುವರಿ 18ರಂದು ಮುಂಬಯಿಯನ್ನು ವಶಕ್ಕೆ ಪಡೆದ. ದ್ವೀಪದ ಒಡತಿಯಾಗಿದ್ದ ದೋನಾ ಇಗ್ನೆಸ್ ದ ಮಿರಾಂದಾ ಎಂಬಾಕೆಯ ಮನೆಯಲ್ಲಿ ಪತ್ರ ಬರೆದದ್ದಾಯಿತು. ಕುಕ್ ಕೈಯಲ್ಲಿ ಮಣ್ಣು ಮತ್ತು ಕಲ್ಲನ್ನು ಹಿಡಿದು ಸ್ವಾಧೀನವನ್ನು ಸೂಚಿಸಿದ. ಆಂಗ್ಲರು ಮುಂಬಯಿಯಲ್ಲಿ ನೆಲೆಯೂರಿದ ದಿನವೇ ಪೋರ್ಚುಗೀಸರು ಭಾರತವನ್ನು ಕಳೆದುಕೊಂಡಂತೆ ಎಂಬರ್ಥದಲ್ಲಿ ವೈಸರಾಯ್ ತನ್ನ ದೊರೆಗೆ ಬರೆದಿದ್ದ. ಆ ಭವಿಷ್ಯವಾಣಿ ನಿಜವಾಯಿತು.

ಅದೇ ಫೆಬ್ರುವರಿ ತಿಂಗಳಿನಲ್ಲಿ ಕನ್ನಡ ಕರಾವಳಿಯಲ್ಲಿ ಇನ್ನೊಂದು ಘಟನೆ ನಡೆಯಿತು. ಶಿವಾಜಿ ಮಹಾರಾಜರು ತಮ್ಮ ನೌಕಾಪಡೆಯೊಂದಿಗೆ ಬಸ್ರೂರಿನ ಮೇಲೆ ದಂಡೆತ್ತಿ ಬಂದು, ಮರಳುವಾಗ ಗೋಕರ್ಣದಲ್ಲಿ ಸ್ನಾನ ಮಾಡಿ, ಅಂಕೋಲೆಯ ಮಾರ್ಗವಾಗಿ ಕಾರವಾರಕ್ಕೆ ಬಂದರು. ಊರನ್ನು ಉಳಿಸಿಕೊಳ್ಳಲು ಕೊಟ್ಟ ಕಾಣಿಕೆಯಲ್ಲಿ ಆಂಗ್ಲರ ವಖಾರಿಯ ಪಾಲು 112 ಪೌಂಡು. ಮುಂಬಯಿಯಲ್ಲಿ ನೆಲವನ್ನು ಪಡೆದ ತಿಂಗಳಲ್ಲೇ ಕಾರವಾರದಲ್ಲಿ ಅವರು ತಲೆ ತಗ್ಗಿಸಿ ಹಣ ತೆರಬೇಕಾಯಿತು. ಸ್ವಂತ ಕೋಟೆಯ ಅಗತ್ಯ ಕಂಪೆನಿಯವರಿಗೆ ಮನವರಿಕೆಯಾದದ್ದು ಇಂಥ ಅನುಭವಗಳಿಂದ.

ದೊರೆಗೆ ಮುಂಬಯಿ ಖರ್ಚಿನ ಬಾಬ್ತಾಯಿತು. 1668ರ ಮಾರ್ಚ್ 27ರ ಸನದಿನ ಮೂಲಕ ಚಾರ್ಲ್ಸ್ ಅದನ್ನು ವರ್ಷಕ್ಕೆ 10 ಪೌಂಡು ಬಂಗಾರದ ಗೇಣಿಗೆ ಕಂಪೆನಿಗೆ ಕೊಟ್ಟುಬಿಟ್ಟ. ಅದೇ ವರ್ಷ ಸೆಪ್ಟೆಂಬರ್ 23ರಂದು ಹಸ್ತಾಂತರ ನಡೆಯಿತು. ಆ ಕಾಲದಲ್ಲಿ ಕಂಪೆನಿಯ ಕೆಳದರ್ಜೆಯ ಗುಮಾಸ್ತನೊಬ್ಬನ ವಾರ್ಷಿಕ ಸಂಬಳವೂ ಸುಮಾರು 10 ಪೌಂಡೇ ಆಗಿತ್ತು.

ಕನ್ನಡ ನಾಡಿನಲ್ಲಿ ಏಳುಬೀಳು, ಮುಂಬಯಿಯಲ್ಲಿ ಬೆಳವಣಿಗೆ

ಮುಂದಿನ ವರ್ಷಗಳಲ್ಲಿ ಎರಡು ನೆಲೆಗಳ ಹಣೆಬರಹ ಬೇರೆ ಬೇರೆಯಾಯಿತು. 1673ರಲ್ಲಿ ಮರಾಠ ಪಡೆ ಹುಬ್ಬಳ್ಳಿಯನ್ನು ಸೂರೆಮಾಡಿದಾಗ ಅಲ್ಲಿದ್ದ ಕಂಪೆನಿಯ ಸರಕೂ ಹೋಯಿತು. ಪರಿಹಾರಕ್ಕಾಗಿ ಆಂಗ್ಲರು ವರ್ಷಗಟ್ಟಲೆ ಪತ್ರ ಬರೆದರು. ಅದೇ ವರ್ಷ ಕಾರವಾರದ ಫೌಜುದಾರ ವಖಾರಿಗೆ ಮುತ್ತಿಗೆ ಹಾಕಿದ. 1674ರಲ್ಲಿ ರಾಯಗಡದಲ್ಲಿ ನಡೆದ ಶಿವಾಜಿ ಮಹಾರಾಜರ ಪಟ್ಟಾಭಿಷೇಕಕ್ಕೆ ಹೆನ್ರಿ ಆಕ್ಸೆಂಡನ್ ಕಾಣಿಕೆಗಳೊಂದಿಗೆ ಹೋಗಿ, ಹಳೆಯ ನಷ್ಟಗಳ ಮಾತನ್ನೂ ಎತ್ತಿದ. ಕಂಪೆನಿಯ ವೈದ್ಯ ಜಾನ್ ಫ್ರಯರ್ ಇದೇ ದಶಕದಲ್ಲಿ ಕಾರವಾರ ಮತ್ತು ಗೋಕರ್ಣಗಳನ್ನು ಕಂಡು ಬರೆದ ವಿವರಗಳು 1698ರಲ್ಲಿ ಪ್ರಕಟವಾದವು.

1679ರಲ್ಲಿ ಕಾರವಾರದ ವಖಾರಿಯನ್ನು ಮುಚ್ಚಿ, 1682ರಲ್ಲಿ ಮತ್ತೆ ತೆರೆದರು. 1684ರಲ್ಲಿ ಹಡಗೊಂದರ ನಾವಿಕರು ಹಸುವನ್ನು ಕದ್ದು ಕೊಂದ ಕಾರಣ ಊರಿನವರ ಕೋಪಕ್ಕೆ ಗುರಿಯಾಗಿ ಆಂಗ್ಲರು ಅಲ್ಲಿಂದ ಕಾಲ್ತೆಗೆಯುವ ಸ್ಥಿತಿ ಬಂದಿತ್ತು. 1715ರಲ್ಲಿ ಸೋದೆಯ ಅರಸರು ಸದಾಶಿವಗಡವನ್ನು ಕಟ್ಟಿಸಿದ ಮೇಲೆ ವಖಾರಿಯ ಬಲ ಕುಗ್ಗಿತು. 1720ರಲ್ಲಿ ಅದನ್ನು ತೆಗೆಯಬೇಕಾಯಿತು. ಮತ್ತೆ ಪ್ರಯತ್ನ ನಡೆದರೂ 1752ರಲ್ಲಿ ಪೋರ್ಚುಗೀಸರು ಸದಾಶಿವಗಡವನ್ನು ಹಿಡಿದ ಮೇಲೆ ಆಂಗ್ಲರು ಕಾರವಾರವನ್ನು ಬಿಟ್ಟರು. ಅರಸರು, ದೇಸಾಯಿಗಳು, ಊರಿನ ಜನ ಒಪ್ಪುವವರೆಗೆ ಮಾತ್ರ ಪರದೇಶಿ ವರ್ತಕನ ಬಾಳು ಎಂಬುದನ್ನು ಕಾರವಾರದ ನೂರು ವರ್ಷಗಳು ತೋರಿಸುತ್ತವೆ.

ಮುಂಬಯಿಯಲ್ಲಿ ಹಾಗಿರಲಿಲ್ಲ. ಅಲ್ಲಿ ಅವರೇ ಸುಂಕ ವಿಧಿಸುವವರು, ಅವರೇ ನ್ಯಾಯ ಹೇಳುವವರು. 1669ರಿಂದ 1677ರವರೆಗೆ ಗವರ್ನರನಾಗಿದ್ದ ಜೆರಾಲ್ಡ್ ಆಂಜಿಯರ್ 1672ರಲ್ಲಿ ನ್ಯಾಯಾಲಯವನ್ನು ತೆರೆದ, ಟಂಕಸಾಲೆಗೆ ಅಡಿಪಾಯ ಹಾಕಿದ, ಕೋಟೆಯನ್ನು ಭದ್ರಪಡಿಸಿದ. ದ್ವೀಪದ ಭೂಮಾಲಿಕರೊಡನೆ ಒಪ್ಪಂದ ಮಾಡಿಕೊಂಡು, ಅವರು ವರ್ಷಕ್ಕೆ 20,000 ಷೆರಾಫಿನ್ ತೆತ್ತರೆ ಭೂಮಿಯ ಹಕ್ಕು ಸ್ಥಿರವೆಂದು ಘೋಷಿಸಿದ. ದೀವ್‌ನ ವರ್ತಕ ನೀಮಾ ಪಾರಖನಿಗೆ ಧರ್ಮಾಚರಣೆಯ ಸ್ವಾತಂತ್ರ್ಯದ ಭರವಸೆ ಕೊಟ್ಟದ್ದು 1677ರಲ್ಲಿ. ಬನಿಯಾ, ಪಾರ್ಸಿ, ಆರ್ಮೇನಿಯನ್ ವರ್ತಕರು ಬಂದು ನೆಲೆಸಿದರು. ಜನಸಂಖ್ಯೆ 10,000ದಿಂದ 60,000ಕ್ಕೆ ಏರಿತೆಂದು ಫ್ರಯರನ ಅಂದಾಜು. ಈ ಔದಾರ್ಯದ ಹಿಂದೆ ಲೆಕ್ಕಾಚಾರವೂ ಇತ್ತು: ವರ್ತಕರಿಲ್ಲದೆ ಸುಂಕವಿಲ್ಲ, ಸುಂಕವಿಲ್ಲದೆ ಕೋಟೆಯಿಲ್ಲ.

ಆದರೂ ಹಾದಿ ಸುಗಮವಾಗಿರಲಿಲ್ಲ. 1683ರಲ್ಲಿ ರಿಚರ್ಡ್ ಕೀಗ್ವಿನ್ ಎಂಬ ಸೇನಾಧಿಕಾರಿ ಕಂಪೆನಿಯ ವಿರುದ್ಧವೇ ದಂಗೆಯೆದ್ದ. 1687ರಲ್ಲಿ ಕಂಪೆನಿಯ ಮುಖ್ಯ ಕಚೇರಿ ಸೂರತ್ತಿನಿಂದ ಮುಂಬಯಿಗೆ ಬಂತು. ಔರಂಗಜೇಬನನ್ನು ಕೆಣಕಿದ ಫಲವಾಗಿ 1689-90ರಲ್ಲಿ ಜಂಜಿರೆಯ ಸಿದ್ದಿಯ ಪಡೆ ದ್ವೀಪವನ್ನು ಮುತ್ತಿತು. ಕಂಪೆನಿ ಕ್ಷಮೆ ಬೇಡಿ ಒಂದೂವರೆ ಲಕ್ಷ ರೂಪಾಯಿ ದಂಡ ತೆತ್ತಿತು.

ದಹಿಸರ್ ಆಗ ಯಾರದಾಗಿತ್ತು?

ಇಷ್ಟೆಲ್ಲ ನಡೆಯುತ್ತಿದ್ದಾಗ ಮಾಹಿಮ್ ಖಾಡಿಯ ಆಚೆಗಿನ ಸಾಷ್ಟಿ, ಎಂದರೆ ಬಾಂದ್ರಾದಿಂದ ದಹಿಸರ್‌ವರೆಗಿನ ನೆಲ, ಪೋರ್ಚುಗೀಸರ ವಶದಲ್ಲಿಯೇ ಇತ್ತು. ಅರವತ್ತಾರು ಹಳ್ಳಿಗಳ ನಾಡೆಂಬ ಅರ್ಥದಲ್ಲಿ 'ಷಟ್‌ಷಷ್ಟಿ' ಎಂಬುದೇ ಸಾಷ್ಟಿಯಾಯಿತೆಂದು ಹೇಳುತ್ತಾರೆ. ಗೋವೆಯ ಸಾಷ್ಟಿಯ ಹೆಸರಿಗೂ ಇದೇ ಮೂಲ. ಮುಂಬಯಿಗೆ ಬರುವ ದೋಣಿಗಳಿಂದ ಪೋರ್ಚುಗೀಸರು ಠಾಣೆಯಲ್ಲಿ ಸುಂಕ ಕೀಳುತ್ತಿದ್ದುದರಿಂದ ಆಂಗ್ಲರೊಡನೆ ನಿತ್ಯ ಜಗಳ. ಸುಂಕದ ನಾಕಾಗಳು ಈ ನಗರಕ್ಕೆ ಹೊಸತಲ್ಲ!

ದಹಿಸರ್ ನದಿಯ ಸಮೀಪದ ಮಂಡಪೇಶ್ವರ ಗುಹೆಗಳನ್ನು ನಮ್ಮ ಓದುಗರಲ್ಲಿ ಅನೇಕರು ನೋಡಿರಬಹುದು. ಮೂಲತಃ ಶಿವನಿಗೆ ಮೀಸಲಾದ ಈ ಗುಹಾದೇವಾಲಯವನ್ನು ಹದಿನಾರನೆಯ ಶತಮಾನದಲ್ಲಿ ಫ್ರಾನ್ಸಿಸ್ಕನ್ ಪಾದ್ರಿಗಳು ಇಗರ್ಜಿಯಾಗಿ ಮಾರ್ಪಡಿಸಿ ಮೇಲ್ಗಡೆ ಮಠವನ್ನು ಕಟ್ಟಿದರು. ಆ ಮಠದ ಗೋಡೆಗಳ ಅವಶೇಷಗಳನ್ನು ಈಗಲೂ ಕಾಣಬಹುದು. 1737ರಲ್ಲಿ ಮರಾಠರು ಠಾಣೆಯನ್ನು ಗೆದ್ದರು. 1739ರಲ್ಲಿ ಚಿಮಾಜಿ ಅಪ್ಪಾ ವಸಾಯಿ ಕೋಟೆಯನ್ನು ಗೆದ್ದಾಗ ಉತ್ತರ ಕೊಂಕಣದಲ್ಲಿ ಪೋರ್ಚುಗೀಸರ ಬಲ ಮುರಿಯಿತು. ಸಾಷ್ಟಿ ಮೂವತ್ತೇಳು ವರ್ಷ ಮರಾಠರಲ್ಲಿತ್ತು. 1774ರ ಡಿಸೆಂಬರಿನಲ್ಲಿ ಆಂಗ್ಲರು ಠಾಣೆಯ ಕೋಟೆಯನ್ನು ಹಿಡಿದರು. 1782ರ ಸಾಲ್ಬಾಯಿ ಒಪ್ಪಂದ ಸಾಷ್ಟಿಯನ್ನು ಅವರಿಗೆ ಖಾಯಂ ಮಾಡಿತು. 1661ರ ಮದುವೆಯ ಒಪ್ಪಂದದಲ್ಲಿ ಕೇಳಿ ಪಡೆಯಲಾಗದ ನೆಲವನ್ನು ಹೀಗೆ ಯುದ್ಧದಿಂದ ಪಡೆದರು. ದಹಿಸರ್ ಬೃಹನ್ಮುಂಬಯಿಯ ಆಡಳಿತಕ್ಕೆ ಸೇರಿದ್ದು ಮಾತ್ರ 1957ರಲ್ಲಿ.

ಬಟ್ಟೆ ಹೋದ ದಾರಿಯಲ್ಲಿ ಹತ್ತಿ

1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕನ್ನಡ ಕರಾವಳಿ ಕಂಪೆನಿಯ ಆಳ್ವಿಕೆಗೆ ಬಂತು. ಪೇಶ್ವೆಯ ಪತನದೊಡನೆ ಧಾರವಾಡ ಸೀಮೆಯೂ ಬಂತು. ಕರಾವಳಿ ಮೊದಲು ಮದರಾಸಿಗೆ ಸೇರಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮಾತ್ರ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕಾರಣ ಹತ್ತಿ. ಅಮೆರಿಕದ ಅಂತರ್ಯುದ್ಧದಿಂದ ಲ್ಯಾಂಕಾಷೈರಿನ ಗಿರಣಿಗಳಿಗೆ ಹತ್ತಿಯ ಬರ ಬಂದಾಗ ಧಾರವಾಡದ ಹತ್ತಿಯನ್ನು ಕಾರವಾರದಿಂದ ಹಡಗಿಗೇರಿಸುವ ಯೋಜನೆ ಹುಟ್ಟಿತು.

ಇಲ್ಲಿ ಓದುಗರು ಕ್ಷಣಕಾಲ ನಿಂತು ಯೋಚಿಸಬೇಕೆಂದು ನಮ್ಮ ವಿನಂತಿ. ಹುಬ್ಬಳ್ಳಿಯ ನೇಕಾರರು ನೇಯ್ದ ನಯವಾದ ಬಟ್ಟೆಯನ್ನು ಕೊಳ್ಳಲು 1660ರಲ್ಲಿ ಆಂಗ್ಲರು ಬೆಳ್ಳಿ ಹೊತ್ತು ಕಾರವಾರಕ್ಕೆ ಬರುತ್ತಿದ್ದರು. ಇನ್ನೂರು ವರ್ಷಗಳ ಅನಂತರ ಅದೇ ಸೀಮೆಯಿಂದ ಅದೇ ಬಂದರಿನ ಮೂಲಕ ಹಸಿ ಹತ್ತಿ ಹೋಗಬೇಕೆಂದಾಯಿತು. ಬಟ್ಟೆ ಇಂಗ್ಲೆಂಡಿನಿಂದ ಬರತೊಡಗಿತು. ವಸಾಹತು ಎಂದರೇನು ಎಂಬುದನ್ನು ವಿವರಿಸಲು ಇದಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳ ಜನರಿಗೆ ಮುಂಬಯಿಯೇ ರಾಜಧಾನಿಯಾಗಿತ್ತು. ವಿದ್ಯೆಗೆ, ನೌಕರಿಗೆ ಅವರು ಇಲ್ಲಿಗೆ ಬಂದದ್ದು ಪರನಾಡಿಗೆ ಹೋದಂತೆ ಅಲ್ಲ, ತಮ್ಮ ಪ್ರಾಂತದ ರಾಜಧಾನಿಗೆ ಬಂದಂತೆ.

ಕಾಲಾನುಕ್ರಮ

1579 – ಥಾಮಸ್ ಸ್ಟೀಫನ್ಸ್ ಗೋವೆಗೆ
1584 – ರಾಲ್ಫ್ ಫಿಚ್ ಬೆಳಗಾವಿ, ವಿಜಾಪುರಗಳಲ್ಲಿ
1600 – ಈಸ್ಟ್ ಇಂಡಿಯಾ ಕಂಪೆನಿಗೆ ಸನದು
1635 – ಗೋವೆಯ ಕದನವಿರಾಮ
1637 – ವೆಡೆಲ್ ಭಟ್ಕಳಕ್ಕೆ. ಪೀಟರ್ ಮಂಡಿ ಇಕ್ಕೇರಿಗೆ
1638 – ಕಾರವಾರದಲ್ಲಿ ವಖಾರಿ
1661 – ಮುಂಬಯಿಯನ್ನು ಕೊಡುವ ವಿವಾಹ ಒಪ್ಪಂದ
1664 – ಅಂಜದೀವ್‌ನಲ್ಲಿ ಶಿಪ್‌ಮನ್ ಮರಣ
1665 – ಮುಂಬಯಿ ಹಸ್ತಾಂತರ, ಶಿವಾಜಿ ಕಾರವಾರಕ್ಕೆ
1668 – ಮುಂಬಯಿ ಕಂಪೆನಿಗೆ
1687 – ಮುಖ್ಯ ಕಚೇರಿ ಸೂರತ್ತಿನಿಂದ ಮುಂಬಯಿಗೆ
1739 – ವಸಾಯಿ ಮರಾಠರ ವಶಕ್ಕೆ
1752 – ಆಂಗ್ಲರು ಕಾರವಾರವನ್ನು ಬಿಟ್ಟದ್ದು
1774 – ಸಾಷ್ಟಿ, ಅದರೊಡನೆ ದಹಿಸರ್, ಆಂಗ್ಲರ ವಶಕ್ಕೆ
1862 – ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ

ಕೊನೆಯ ಮಾತು

ಈ ಕಥೆಯನ್ನು ಹೆಮ್ಮೆಗಾಗಿ ಮಾತ್ರ ಹೇಳಿಕೊಳ್ಳುವುದು ಸಲ್ಲದು. ಇದರಲ್ಲಿ ನಮ್ಮ ನೇಕಾರರು ಕಳೆದುಕೊಂಡದ್ದಿದೆ, ಅಂಜದೀವ್‌ನಲ್ಲಿ ಮಣ್ಣಾದ ಪರದೇಶಿ ಯುವಕರ ಸಾವಿದೆ, ಸಾಷ್ಟಿಯ ಹಳ್ಳಿಗಳು ಕೈಯಿಂದ ಕೈಗೆ ಬದಲಾಗುವಾಗ ಯಾರೂ ಕೇಳದ ರೈತರ, ಕೋಳಿ ಮೀನುಗಾರರ ಬದುಕಿದೆ. ಈ ನಗರದ ಮೂಲನಿವಾಸಿಗಳು ಅವರೇ ಎಂಬ ಗೌರವ ನಮ್ಮಲ್ಲಿ ಸದಾ ಇರಬೇಕು. ಅದರ ಜೊತೆಗೆ, ಕನ್ನಡ ನಾಡಿಗೂ ಮುಂಬಯಿಗೂ ಇರುವ ನಂಟು ರೈಲು ಬಂದ ಮೇಲೆ ಹುಟ್ಟಿದ್ದಲ್ಲ, ಒಂದೇ ಕಡಲಿನ ವ್ಯಾಪಾರದಲ್ಲಿ ನಾಲ್ಕು ಶತಮಾನಗಳಿಂದ ಬೆಳೆದದ್ದು ಎಂಬ ಅರಿವೂ ನಮ್ಮ ಮಕ್ಕಳಿಗೆ ಇರಬೇಕು. ಮುಂದಿನ ಬಾರಿ ಊರಿಗೆ ಹೋಗುವಾಗ ಕೊಂಕಣ ರೈಲು ಕಾರವಾರದ ಬಳಿ ಕಾಳಿ ನದಿಯನ್ನು ದಾಟುವಾಗ, ಕಿಟಕಿಯ ಬಳಿ ಕುಳಿತ ಮಕ್ಕಳಿಗೆ ಸದಾಶಿವಗಡದ ಗುಡ್ಡವನ್ನು ತೋರಿಸಿ ಈ ಕಥೆಯನ್ನು ಹೇಳಬೇಕೆಂದು ಓದುಗರಲ್ಲಿ ನಮ್ಮ ಕೋರಿಕೆ.